ಹಾಯ್ ವಾನ್ ಘಟ್ಟ ಇಳಿದ ದಿನ

ಏಳನೆಯ ದಿನ: ಹುಯೆ

ಹತ್ತು ದಿನಗಳ ವಿಯೆಟ್ನಾಂ ಪ್ರವಾಸದ ಏಳನೆಯ ದಿನ ಹೋಳಿ ಹುಣ್ಣಿಮೆ ಬಂದಿತ್ತು. ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷವಾದ್ದರಿಂದ ಶಿರಸಿಯ ಬೀದಿಗಳಲ್ಲಿ ಆ ವಾರವೆಲ್ಲ ಬೇಡರ ವೇಷವೆಂಬ ಹೋಳಿ ಕುಣಿತದ ಹಲಗೆಯ ಸದ್ದು ತುಂಬಿರುತ್ತದೆ. ಅದನ್ನು ಬಿಟ್ಟು ಬಂದದ್ದಕ್ಕೆ ತಂಗಿಗೆ ಹನೋಯಿಯಲ್ಲಿ ಇಳಿದ ದಿನದಿಂದಲೂ ಬೇಸರವಿತ್ತು. ಆದರೆ ಕೊನೆಕೊಯ್ಲು ಮುಗಿದು ಅಡಿಕೆ ಅಂಗಳಕ್ಕೆ ಬಿದ್ದ ಮೇಲೆ ಮತ್ತು ಮಳೆಗಾಲದ ತಯಾರಿ ಶುರುವಾಗುವ ಮೊದಲು ತೋಟದವರಿಗೆ ಸಿಗುವ ಬಿಡುವೆಂದರೆ ಇದೊಂದೇ. ಚಾಲಿ ಅಡಿಕೆ ಹರವಿ ಒಟ್ಟುವ ಕೆಲಸವನ್ನು ಅಣ್ಣನ ಮಗನಿಗೆ ಒಪ್ಪಿಸಿ, ನಾನು, ನನ್ನ ಹೆಂಡತಿ, ತಂಗಿ ಮತ್ತು ಅವಳ ಗಂಡ, ಹೀಗೆ ನಾಲ್ವರು ಹೊರಟಿದ್ದೆವು. ಭಾವನದು ಕುಮಟಾ ಕಡೆಯ ಊರು. ಅಂದರೆ ನಾವು ಘಟ್ಟದ ಮೇಲಿನವರು, ಅವನು ಕೆಳಗಿನವನು. ಯಾರ ಊರಿನ ಮಳೆ ದೊಡ್ಡದು, ಯಾರ ಅಪ್ಪೆಹುಳಿ ರುಚಿ ಎಂಬ ನಮ್ಮಿಬ್ಬರ ತಕರಾರಿಗೆ ಮದುವೆಯಷ್ಟೇ ವಯಸ್ಸಾಗಿದೆ.

ಹುಯೆ 1802ರಿಂದ 1945ರವರೆಗೆ ನ್ಗುಯೆನ್ ಅರಸರ ರಾಜಧಾನಿಯಾಗಿತ್ತು. ಕೋಟೆ, ಅರಮನೆ, ಅರಸರ ಸಮಾಧಿಗಳನ್ನು ನೋಡಿದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಜಿನುಗುಮಳೆಯಲ್ಲಿ ಕೊಡೆ ಹಿಡಿದು ನೋಡಿದ ಅರಮನೆಗಳೆಲ್ಲ ನೆನಪಿನಲ್ಲಿ ಒಂದಕ್ಕೊಂದು ಬೆರೆತುಹೋಗಿವೆ. ನೆನಪಿನಲ್ಲಿ ಗಟ್ಟಿಯಾಗಿ ಉಳಿದದ್ದು ಊಟ. ವಿಯೆಟ್ನಾಮಿನಲ್ಲಿ ಸಸ್ಯಾಹಾರಿಗೆ ಮೀನಿನ ಸಾರಕ್ಕಿಂತ ದೊಡ್ಡ ಶತ್ರುವಿಲ್ಲ. ಸೊಪ್ಪಿನ ಪಲ್ಯವೆಂದು ತಂದಿಟ್ಟದ್ದಕ್ಕೂ ಅದನ್ನು ಹನಿಸಿರುತ್ತಾರೆ. ಆದರೆ ಬೌದ್ಧ ಸಂಪ್ರದಾಯ ಬಲವಾಗಿರುವ ಹುಯೆಯಲ್ಲಿ ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹುಣ್ಣಿಮೆಯಂದು ಬಹಳ ಮಂದಿ ಮಾಂಸ, ಮೀನು ಮುಟ್ಟುವುದಿಲ್ಲ. ಹಾಗಾಗಿ ಎಂದೂ ಸಿಗದ ಊಟ ಆ ದಿನ ಬೀದಿಬೀದಿಯಲ್ಲಿ ಸಿಕ್ಕಿತು. ಸಸ್ಯಾಹಾರಕ್ಕೆ ಅವರು ಹೇಳುವ ಮಾತು ಕಿವಿಗೆ ‘ಚಾಯ್’ ಎಂದೇ ಕೇಳಿಸುತ್ತದೆ. ಅಂಗಡಿಯ ಹೆಂಗಸು ಅಕ್ಕರೆಯಿಂದ ಮತ್ತೆ ಮತ್ತೆ ಹಾಗೆ ಹೇಳಿದಾಗ, ಊಟಕ್ಕೆ ಮೊದಲು ಚಹಾ ಬೇಡವೆಂದು ಭಾವ ಕೈಮುಗಿದು ಹೇಳುತ್ತಲೇ ಇದ್ದ.

ಸಂಜೆ ಡೋಂಗ್ ಬಾ ಮಾರುಕಟ್ಟೆಯಲ್ಲಿ ಹಸಿರು ಅಡಿಕೆಯ ಗೊಂಚಲುಗಳನ್ನು ಕಂಡು ನಾವು ನಾಲ್ವರೂ ಒಟ್ಟಿಗೇ ನಿಂತೆವು. ಪಕ್ಕದಲ್ಲಿ ವೀಳ್ಯದೆಲೆಯ ಕವಳೆ, ಅದರ ಪಕ್ಕದಲ್ಲಿ ಸುಣ್ಣ. ನಮ್ಮಲ್ಲಿ ಬೇಯಿಸಿ ಒಣಗಿಸಿದರೆ ಕೆಂಪಡಿಕೆ, ಹಣ್ಣಾದ ಮೇಲೆ ಸಿಪ್ಪೆ ಸಹಿತ ಒಣಗಿಸಿ ಸುಲಿದರೆ ಚಾಲಿ. ಅವರು ಎಳೆಯ ಹಸಿ ಕಾಯಿಯನ್ನೇ ಸೀಳಿ ಜಗಿಯುತ್ತಾರೆ. ವಿಯೆಟ್ನಾಮಿನ ಮದುವೆಯಲ್ಲಿ ಗಂಡಿನ ಕಡೆಯವರು ಒಯ್ಯುವ ಹರಿವಾಣದಲ್ಲಿ ಅಡಿಕೆಯ ಗೊನೆ ಮತ್ತು ಎಲೆ ಇಲ್ಲದಿದ್ದರೆ ಮಾತೇ ಮುಂದುವರಿಯುವುದಿಲ್ಲ. ಒಬ್ಬಳನ್ನೇ ಮೆಚ್ಚಿದ ಅಣ್ಣತಮ್ಮಂದಿರಲ್ಲಿ ಒಬ್ಬ ಸುಣ್ಣದ ಕಲ್ಲಾಗಿ, ಇನ್ನೊಬ್ಬ ಅಡಿಕೆ ಮರವಾಗಿ, ಅವಳು ಆ ಮರಕ್ಕೆ ಹಬ್ಬಿದ ವೀಳ್ಯದ ಬಳ್ಳಿಯಾದ ಕತೆಯನ್ನು ಅಲ್ಲಿ ಮಕ್ಕಳಿಗೆ ಹೇಳುತ್ತಾರಂತೆ. ಮನೆಗೆ ಬಂದವರ ಮುಂದೆ ಮೊದಲು ಕವಳದ, ಅಂದರೆ ಎಲೆಯಡಿಕೆಯ ಬಟ್ಟಲು ಇಡುವ ಊರಿನವರಾದ ನಮಗೆ ಆ ಕತೆಯನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಭಾವ ದರ ವಿಚಾರಿಸಿದ. ನಮ್ಮ ಒಂದು ರೂಪಾಯಿಗೆ ಅವರ ಸುಮಾರು 300 ಡಾಂಗ್ ಎಂಬ ಲೆಕ್ಕದಲ್ಲಿ ಮೂರು ಸಲ ಸೊನ್ನೆ ತಪ್ಪಿಸಿ, ಕೊನೆಗೆ ಏಳೆಂಟು ಕಾಯಿಗಳ ಒಂದು ಎಸಳನ್ನು ಕೊಂಡು ಚೀಲಕ್ಕೆ ಹಾಕಿಕೊಂಡ. ಯಾಕೆಂದು ಕೇಳಿದ್ದಕ್ಕೆ ಉತ್ತರವಿರಲಿಲ್ಲ.

ಎಂಟನೆಯ ದಿನ: ಹುಯೆಯಿಂದ ಡನಾಂಗ್

ಪ್ರವಾಸದ ಕೊನೆಯ ದಿನಗಳಲ್ಲಿ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವ ದಿನವನ್ನು ಲೆಕ್ಕಕ್ಕೆ ಹಿಡಿಯದೆ ಬಿಡುವವರೇ ಹೆಚ್ಚು. ಹುಯೆಯಿಂದ ಡನಾಂಗ್‌ಗೆ ರೈಲು ದಾರಿ ನೂರು ಕಿಲೋಮೀಟರಿಗಿಂತ ಸ್ವಲ್ಪ ಮಾತ್ರ ಹೆಚ್ಚು. ಕಾರಿನಲ್ಲಾದರೆ 2005ರಲ್ಲಿ ತೆರೆದ, ಆರು ಕಿಲೋಮೀಟರಿಗೂ ಉದ್ದದ ಸುರಂಗದಲ್ಲಿ ಹೊಕ್ಕು ಎರಡು ತಾಸಿನಲ್ಲಿ ತಲುಪಬಹುದು. ನಾವು ರೈಲನ್ನು ಆರಿಸಿಕೊಂಡದ್ದಕ್ಕೆ ಒಂದು ಕಾರಣ, ಶಿರಸಿಯವರಿಗೆ ರೈಲಿನ ಮೇಲೆ ಇರುವ ಆಸೆ. ನಮ್ಮ ಊರಿಗೆ ರೈಲು ಬಂದಿಲ್ಲ; ಹುಬ್ಬಳ್ಳಿ–ಅಂಕೋಲಾ ಮಾರ್ಗದ ಮಾತನ್ನು ಕೇಳುತ್ತಲೇ ಒಂದು ತಲೆಮಾರು ಮುದುಕಾಯಿತು. ಕುಮಟೆಯಲ್ಲಿ ನಿಲ್ದಾಣವಿರುವ ಭಾವನಿಗೆ ಇದನ್ನು ಎತ್ತಿ ಆಡಲು ಯಾವ ನೆಪವಾದರೂ ಸಾಕು.

ಬೆಳಿಗ್ಗೆ ಎಂಟರ ಸುಮಾರಿಗೆ ಹುಯೆ ನಿಲ್ದಾಣಕ್ಕೆ ಬಂದಾಗಲೂ ಮಳೆ ಜಿನುಗುತ್ತಿತ್ತು. 2024ರ ಮಾರ್ಚ್‌ನಿಂದ ಈ ಎರಡು ನಗರಗಳ ನಡುವೆ ಪ್ರವಾಸಿಗಳಿಗಾಗಿಯೇ ಓಡುತ್ತಿರುವ ರೈಲಿನಲ್ಲಿ ನಮ್ಮ ಆಸನಗಳಿದ್ದವು. ಸಮುದ್ರದ ಬದಿಯ ಕಿಟಕಿಗಳೆಂದು ನಂಬಿಸಿ ಚೀಟಿ ಮಾಡಿಸಿಕೊಟ್ಟಿದ್ದ ಪ್ರವಾಸ ಸಂಸ್ಥೆಯವರು ನಾಲ್ಕನ್ನೂ ಬಲಬದಿಯಲ್ಲಿ, ಅಂದರೆ ಗುಡ್ಡದ ಬದಿಯಲ್ಲಿ ಕೊಟ್ಟಿದ್ದರು. ದಕ್ಷಿಣಕ್ಕೆ ಹೋಗುವಾಗ ಸಮುದ್ರ ಎಡಕ್ಕೆ ಬರುತ್ತದೆ ಎಂಬುದನ್ನು ನಕ್ಷೆ ನೋಡಿ ನಾವೇ ತಿಳಿಯಬಹುದಿತ್ತು. ಪಶ್ಚಿಮಕ್ಕೆ ಕಡಲಿರುವ ಜಿಲ್ಲೆಯವರಿಗೆ ದಕ್ಷಿಣಕ್ಕೆ ಹೊರಟಾಗ ಸಮುದ್ರ ಬಲಕ್ಕೇ ಇರಬೇಕೆಂದು ಅನಿಸುವುದು ಸಹಜ. ಹೆಂಗಸರಿಬ್ಬರೂ ಕುಳಿತರು, ನಾನು ಮತ್ತು ಭಾವ ಹೆಚ್ಚಿನ ದಾರಿಯನ್ನು ಬೋಗಿಯ ತುದಿಯ ಎಡಬದಿಯ ಕಿಟಕಿಯ ಬಳಿ ನಿಂತೇ ಕಳೆದೆವು.

ಹಳಿಯ ಅಗಲ ಒಂದು ಮೀಟರ್. ನಮ್ಮ ಈಗಿನ ಬ್ರಾಡ್‌ಗೇಜ್ 1,676 ಮಿಲಿಮೀಟರ್ ಎಂಬುದನ್ನು ನೆನೆದರೆ ಬೋಗಿ ಇಕ್ಕಟ್ಟೆನಿಸುತ್ತದೆ. ಆದರೆ ತಾಳಗುಪ್ಪಕ್ಕೆ ಬರುತ್ತಿದ್ದ ಮೀಟರ್‌ಗೇಜ್ ಗಾಡಿಯಲ್ಲಿ ಚಿಕ್ಕಂದಿನಲ್ಲಿ ಕುಳಿತವರಿಗೆ ಆ ತೂಗಾಟ, ತಿರುವಿನಲ್ಲಿ ಇಡೀ ಗಾಡಿ ಒಂದು ಬದಿಗೆ ವಾಲಿ ಕಿರುಗುಟ್ಟುವುದು, ಎಲ್ಲವೂ ಗುರುತಿನದೇ. ಫ್ರೆಂಚರು ತಮ್ಮ ಕಾಲದಲ್ಲಿ ಟುರಾನ್ ಎಂದು ಕರೆಯುತ್ತಿದ್ದ ಡನಾಂಗ್‌ನಿಂದ ಹುಯೆಗೆ ಈ ಹಳಿ ಹಾಕಿದ್ದು 1906ರ ವೇಳೆಗೆ. ಹನೋಯಿಯಿಂದ ಸೈಗಾನ್‌ವರೆಗಿನ 1,726 ಕಿಲೋಮೀಟರ್ ಪೂರ್ತಿ ಕೂಡಿದ್ದು 1936ರಲ್ಲಿ. ಆಮೇಲಿನ ಯುದ್ಧಗಳಲ್ಲಿ ತುಂಡುತುಂಡಾದ ದಾರಿಯನ್ನು ಕಟ್ಟಿ, ಯುದ್ಧ ಮುಗಿದ ಮರುವರ್ಷ, 1976ರ ಡಿಸೆಂಬರ್ 31ರಂದು ಮತ್ತೆ ಗಾಡಿ ಓಡಿಸಿದರು. ನಮ್ಮ ಕೊಂಕಣ ರೈಲ್ವೆ ಪೂರ್ತಿಯಾಗಿ ತೆರೆದದ್ದು 1998ರ ಜನವರಿ 26ರಂದು ಎಂದು ಭಾವ ನಡುವೆ ಸೇರಿಸಿದ. ಆ ದಿನ ಕುಮಟಾ ನಿಲ್ದಾಣದಲ್ಲಿ ತಾನು ಗಾಡಿ ನೋಡಲು ಹೋಗಿದ್ದನ್ನು ಅವನು ಹೇಳುತ್ತಿರುವುದು ಇದು ಎಷ್ಟನೆಯ ಬಾರಿಯೋ.

ಊರು ದಾಟುತ್ತಿದ್ದಂತೆ ಮನೆಗಳ ಅಂಗಳದಲ್ಲಿ ಸಾಲಾಗಿ ಅಡಿಕೆ ಮರಗಳು ಕಂಡವು. ಹುಯೆಯ ಸುತ್ತಲಿನ ಹಳ್ಳಿಗಳಲ್ಲಿ, ಅದರಲ್ಲೂ ನಾಮ್ ಫೊ ಎಂಬಲ್ಲಿ, ಅಡಿಕೆಗೆ ಹಳೆಯ ಹೆಸರಿದೆ. ಮನೆಯ ಮುಂದೆ ಅಡಿಕೆ, ಹಿಂದೆ ಬಾಳೆ ಎಂಬುದು ಅವರ ಗಾದೆಯೇ ಆಗಿದೆ. ಎರಡನ್ನೂ ಒಂದೇ ತೋಟದಲ್ಲಿ ನಡುನಡುವೆ ನೆಡುವ ನಮಗೆ ಆ ವಿಂಗಡಣೆ ವಿಚಿತ್ರವಾಗಿ ಕಂಡಿತು. ಆದರೆ ನಮ್ಮ ಹಾಗೆ ಕಣಿವೆ ತುಂಬಿದ ತೋಟ ಎಲ್ಲಿಯೂ ಇರಲಿಲ್ಲ. ಮರಕ್ಕೆ ಹಬ್ಬಿದ ಕಾಳುಮೆಣಸೂ ಇರಲಿಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಕಾಳುಮೆಣಸು ಬೆಳೆದು ರಫ್ತು ಮಾಡುವ ದೇಶ ಇದೇ. ಆದರೆ ಅದನ್ನು ಬೆಳೆಯುವುದು ಇಲ್ಲಿಂದ ದೂರ, ದಕ್ಷಿಣದ ಎತ್ತರದ ಸೀಮೆಯಲ್ಲಿ, ಹೆಚ್ಚಾಗಿ ಕಂಬಗಳ ಮೇಲೆ. ಪೋರ್ಚುಗೀಸರಿಂದ ‘ಕಾಳುಮೆಣಸಿನ ರಾಣಿ’ ಎನ್ನಿಸಿಕೊಂಡ ಗೇರುಸೊಪ್ಪೆಯ ಚೆನ್ನಭೈರಾದೇವಿಯ ನಾಡಿನವರು ಶಿರಸಿಯ ಪೇಟೆಯಲ್ಲಿ ದರ ಇಳಿದಾಗಲೆಲ್ಲ ವಿಯೆಟ್ನಾಮನ್ನು ಬೈಯುತ್ತಾರೆ. ನಾನೂ ಬೈದವನೇ. ಬೈದ ದೇಶದಲ್ಲಿ ಎಂಟು ದಿನ ಉಂಡು ತಿರುಗಿದ ಮೇಲೆ ಸ್ವಲ್ಪ ನಾಚಿಕೆಯಾಯಿತು.

ಒಂದೂವರೆ ತಾಸಿನ ಬಳಿಕ ಎಡಕ್ಕೆ ನೀರು ಕಾಣಿಸಿಕೊಂಡಿತು. ಮೊದಲು ಅದನ್ನೇ ಸಮುದ್ರವೆಂದುಕೊಂಡೆವು. ಅದು ಕೌ ಹಾಯ್ ಎಂಬ ಹಿನ್ನೀರು. ಮರಳ ದಿಬ್ಬದ ಆಚೆ ಸಮುದ್ರ, ಈಚೆ ಅಲೆಯಿಲ್ಲದ ಅಗಲ ನೀರು, ಅದರ ತುಂಬ ಮೀನುಗಾರರು ನೆಟ್ಟ ಬಲೆಯ ಗೂಟಗಳು. ಮುಂದೆ ಲಾಂಗ್ ಕೊ ನಿಲ್ದಾಣದಲ್ಲಿ ಗಾಡಿ ಹತ್ತು ನಿಮಿಷ ನಿಂತಿತು. ಒಂದು ಬದಿಗೆ ಲಾಪ್ ಆನ್ ಎಂಬ ಹಿನ್ನೀರು, ಇನ್ನೊಂದು ಬದಿಗೆ ಕಡಲು, ನಡುವೆ ನಾಲಗೆಯಂತೆ ಚಾಚಿದ ಊರು. ಹಿನ್ನೀರಿನಲ್ಲಿ ಹಳೆಯ ಟಯರುಗಳನ್ನು ನೀರಿಗೆ ಇಳಿಬಿಟ್ಟು ಅದರ ಮೇಲೆ ಸಿಂಪಿ ಬೆಳೆಸುತ್ತಾರೆ. ಅಘನಾಶಿನಿಯ ಅಳಿವೆಯಲ್ಲಿ ಹೆಂಗಸರು ಬುಟ್ಟಿ ಹಿಡಿದು ಬಳಚು ಎಂಬ ಚಿಪ್ಪುಮೀನು ಆರಿಸುವುದನ್ನು ನಿತ್ಯ ಕಾಣುವ ಭಾವ ಇದನ್ನು ಬಹಳ ಹೊತ್ತು ನೋಡಿದ. ಸಸ್ಯಾಹಾರಿಯಾದರೂ ಅಳಿವೆಯ ಲೆಕ್ಕಾಚಾರ ಅವನಿಗೆ ತಿಳಿಯುತ್ತದೆ. ಉಪ್ಪುನೀರು, ಸಿಹಿನೀರು ಬೆರೆಯುವ ಗಜನಿಯಲ್ಲಿ ಕಗ್ಗ ಭತ್ತ ಬೆಳೆಯುತ್ತಿದ್ದ ಹೊಲಗಳು ಈಗ ಸಿಗಡಿ ಕೆರೆಗಳಾದದ್ದನ್ನು ನೆನೆಸಿಕೊಂಡು, ಇವರು ಟಯರು ಹಾಕಿದರೂ ಅಳಿವೆಯನ್ನು ಅಳಿವೆಯಾಗಿಯೇ ಉಳಿಸಿಕೊಂಡಿದ್ದಾರಲ್ಲ ಎಂದ. ರಬ್ಬರು ನೀರಿಗೆ ಬಿದ್ದರೆ ಏನಾಗುತ್ತದೆ ಎಂಬ ನನ್ನ ಪ್ರಶ್ನೆಯನ್ನು ಅವನು ಕೇಳಿಸಿಕೊಳ್ಳಲಿಲ್ಲ.

ಲಾಂಗ್ ಕೊ ಬಿಟ್ಟ ಮೇಲೆ ಘಟ್ಟ. ಹಾಯ್ ವಾನ್ ಎಂದರೆ ಕಡಲು ಮತ್ತು ಮೋಡ. ವಿಯೆಟ್ನಾಮಿನ ಪಶ್ಚಿಮದ ಅಂಚಿನಲ್ಲಿ ಉತ್ತರ ದಕ್ಷಿಣವಾಗಿ ಸಾಗುವ ಅನ್ನಾಮ್ ಪರ್ವತಸಾಲಿನ ಒಂದು ಕವಲು ಇಲ್ಲಿ ಅಡ್ಡ ತಿರುಗಿ ನೇರವಾಗಿ ಕಡಲಿಗೆ ಇಳಿಯುತ್ತದೆ. ರಸ್ತೆ ಐನೂರು ಮೀಟರಿನಷ್ಟು ಎತ್ತರದ ಕಣಿವೆಯನ್ನು ಹತ್ತಿ ಇಳಿಯುತ್ತದೆ. ರೈಲು ಅಷ್ಟು ಹತ್ತದೆ, ಗುಡ್ಡದ ಹೊಟ್ಟೆಯನ್ನು ಬಳಸಿಕೊಂಡು, ಸಣ್ಣಸಣ್ಣ ಸುರಂಗಗಳಲ್ಲಿ ನುಸುಳಿಕೊಂಡು, ಕಡಲ ಮೇಲೇ ತೂಗುಹಾಕಿದಂತೆ ಸಾಗುತ್ತದೆ. ಗಾಡಿಯ ವೇಗ ಎತ್ತಿನ ಬಂಡಿಯ ವೇಗಕ್ಕೆ ಇಳಿಯಿತು. ತಿರುವಿನಲ್ಲಿ ನಮ್ಮದೇ ಎಂಜಿನ್ ಮುಂದೆ ಕಾಣುತ್ತಿತ್ತು. ಕೆಳಗೆ ದಾರಿಯೇ ಇಲ್ಲದ ಪುಟ್ಟ ಮರಳ ದಂಡೆಗಳು, ದುಂಡು ಬಂಡೆಗಳು, ಹಳಿಯ ಅಂಚಿನವರೆಗೆ ನುಗ್ಗಿದ ಕಾಡು. ನಮ್ಮ ಜೋಯಿಡಾ ತಾಲೂಕಿನ ಕ್ಯಾಸಲ್‌ರಾಕ್‌ನಿಂದ ಗೋವೆಗೆ ಇಳಿಯುವ ದಾರಿಯನ್ನು ಕಂಡವರು ಅದರ ಪಕ್ಕಕ್ಕೆ ಕಡಲನ್ನು ತಂದಿಟ್ಟು ಊಹಿಸಿಕೊಳ್ಳಬೇಕು. ಕೊಂಕಣ ರೈಲ್ವೆ ಕರಾವಳಿಯದೆಂದು ಹೆಸರಾದರೂ ನಮ್ಮ ಜಿಲ್ಲೆಯಲ್ಲಿ ಸಮುದ್ರವನ್ನು ತೋರಿಸುವುದರಲ್ಲಿ ಬಹಳ ಜಿಪುಣ. ಕಾರವಾರದ ಬಳಿ ಗುಡ್ಡ ಕಡಲಿಗೆ ತಾಗುವಲ್ಲೆಲ್ಲ ಅದು ಸುರಂಗ ಹೊಕ್ಕುಬಿಡುತ್ತದೆ. ಇದನ್ನು ಭಾವನೂ ಒಪ್ಪಿದ.

ನಡುದಾರಿಯಲ್ಲಿ ಒಂದು ಸುರಂಗದಿಂದ ಹೊರಬಿದ್ದಾಗ ಮಳೆ ಇರಲಿಲ್ಲ. ಅದೇನೂ ನಿಧಾನವಾಗಿ ಕಡಿಮೆಯಾದದ್ದಲ್ಲ. ಆಚೆ ಬದಿಯ ಮೋಡ ಗುಡ್ಡದ ನೆತ್ತಿಗೆ ತಗುಲಿ ನಿಂತಿತ್ತು, ಈಚೆ ಬದಿಯ ಎಲೆಗಳ ಮೇಲೆ ಬಿಸಿಲು ಬಿದ್ದಿತ್ತು. “ಘಟ್ಟ ಇಳದ್ವಲಾ ಭಾವ, ಇನ್ನು ಸೆಕೆ ಶುರುವಾತು” ಎಂದು ಭಾವ ಸ್ವೆಟರ್ ಬಿಚ್ಚಿದ. ದೇವಿಮನೆ ಘಟ್ಟ ಇಳಿದು ಕುಮಟಾ ಕಡೆಗೆ ತಿರುಗಿದಾಗಲೆಲ್ಲ ನಾನು ಹೇಳುವ ಮಾತನ್ನು ಅವನು ನನಗೇ ತಿರುಗಿಸಿದ್ದ. ಇಲ್ಲಿ ಘಟ್ಟ ಮಾಡುವ ಕೆಲಸ ನಮ್ಮಲ್ಲಿಯ ಕೆಲಸವೇ, ದಿಕ್ಕು ಮಾತ್ರ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದ ಗಾಳಿಯನ್ನು ಸಹ್ಯಾದ್ರಿ ತಡೆದು ಹಿಂಡುವುದರಿಂದ ನಮ್ಮ ಕಡೆ ತೋಟಕ್ಕೆ ಕೊಳೆರೋಗ ಬರುವಷ್ಟು ಮಳೆ ಸುರಿಯುತ್ತದೆ. ಶಿರಸಿಯಿಂದ ಪೂರ್ವಕ್ಕೆ ಮುಂಡಗೋಡಿನ ಕಡೆ ಹೋದರೆ ಐವತ್ತು ಕಿಲೋಮೀಟರಿನೊಳಗೆ ಮಳೆ ಇಳಿದು ನೆಲದ ಬಣ್ಣವೇ ಬದಲಾಗುತ್ತದೆ. ಅದೇ ತಿಂಗಳುಗಳಲ್ಲಿ ಹುಯೆ ಅನ್ನಾಮ್ ಪರ್ವತಗಳ ಮರೆಯಲ್ಲಿರುತ್ತದೆ. ಗುಡ್ಡ ಹಾರಿ ಬರುವ ಗಾಳಿ ಒಣಗಿ ಕಾದಿರುತ್ತದೆ, ಅದನ್ನು ಅವರು ಲಾವೋಸಿನ ಗಾಳಿ ಎನ್ನುತ್ತಾರೆ. ನಮ್ಮ ಮಳೆ ನಿಲ್ಲುವ ಹೊತ್ತಿಗೆ ಈಶಾನ್ಯದ ಗಾಳಿ ಕಡಲ ಮೇಲಿಂದ ಬಂದು ಅದೇ ಪರ್ವತಗಳಿಗೆ ಬಡಿದು ವರ್ಷದ ಕೊನೆಯವರೆಗೂ ಹುಯೆಯನ್ನು ತೋಯಿಸುತ್ತದೆ. ಉತ್ತರದ ಚಳಿಯನ್ನು ಹಾಯ್ ವಾನ್ ತಡೆಯುವುದರಿಂದ ಡನಾಂಗ್ ಬೆಚ್ಚಗಿರುತ್ತದೆ. ನಾವು ಅಂಗಳದಲ್ಲಿ ಅಡಿಕೆ ಒಣಹಾಕುವ ದಿನಗಳಲ್ಲಿ ಹುಯೆಯವರು ಹೊಳೆಯ ನೀರು ಮನೆಗೆ ನುಗ್ಗೀತೇ ಎಂದು ಕಾಯುತ್ತಿರುತ್ತಾರೆ.

ಮೋಡವನ್ನು ತಡೆದ ಘಟ್ಟ ಅರಸರನ್ನೂ ತಡೆದಿತ್ತು. ಬಹಳ ಕಾಲ ಇದರ ಉತ್ತರಕ್ಕೂ ದಕ್ಷಿಣಕ್ಕೂ ಶಿವನನ್ನು ಪೂಜಿಸುವ ಚಾಂಪಾ ಅರಸರ ನಾಡಿತ್ತು. 1306ರಲ್ಲಿ ಜಯಸಿಂಹವರ್ಮ ಎಂಬ ಚಾಂಪಾ ಅರಸನು ಉತ್ತರದ ವಿಯೆಟ್ ರಾಜಮನೆತನದ ಹುಯೆನ್ ಟ್ರಾನ್ ಎಂಬ ರಾಜಕುಮಾರಿಯನ್ನು ಮದುವೆಯಾಗಲು ಘಟ್ಟದ ಉತ್ತರದ ಎರಡು ಸೀಮೆಗಳನ್ನು ಬಿಟ್ಟುಕೊಟ್ಟ. ನಮ್ಮ ಜಿಲ್ಲೆಯಲ್ಲಿ ಹಿಂದೆ ಗಂಡಿನ ಕಡೆಯವರು ಹೆಣ್ಣಿಗೆ ಕೊಡುತ್ತಿದ್ದ ತೆರದ ಹಾಗೆ. ನಾವು ಎರಡು ದಿನ ಉಳಿದು ಬಂದ ಹುಯೆ ಆ ತೆರದ ಭಾಗ. ಮರುವರ್ಷವೇ ಅರಸ ತೀರಿಕೊಂಡ, ರಾಣಿಯನ್ನು ತವರಿನವರು ಕರೆದುಕೊಂಡು ಹೋದರು, ಕೊಟ್ಟ ನೆಲ ಮಾತ್ರ ಹಿಂದಿರುಗಲಿಲ್ಲ. ಗಡಿ ಹಾಯ್ ವಾನ್ ಘಟ್ಟಕ್ಕೆ ಬಂದು ನಿಂತಿತು. ಇದನ್ನು ಕೇಳಿದ ತಂಗಿ, ಆ ಹುಡುಗಿಯನ್ನು ಯಾರಾದರೂ ಕೇಳಿದ್ದರೇ ಎಂದಳು. ನನ್ನ ಹೆಂಡತಿ ಅವಳಿಗೆ ಕಿತ್ತಳೆಯ ಇನ್ನೊಂದು ತೊಳೆ ಕೊಟ್ಟಳು.

ಹನ್ನೊಂದೂವರೆಯ ಹೊತ್ತಿಗೆ ಡನಾಂಗ್. ಹಳಿ ಅಲ್ಲಿ ಕೊನೆಯಾಗುತ್ತದೆ. ಸೈಗಾನ್‌ಗೆ ಹೋಗುವ ಗಾಡಿಗಳೂ ಇಲ್ಲಿ ಬಂದು, ಎಂಜಿನನ್ನು ಇನ್ನೊಂದು ತುದಿಗೆ ಜೋಡಿಸಿಕೊಂಡು ಹಿಂದಕ್ಕೆ ಹೊರಟು ದಾರಿ ಹಿಡಿಯುತ್ತವೆ.

ಮಧ್ಯಾಹ್ನದ ಬಿಸಿಲಿನಲ್ಲಿ ಹಾನ್ ನದಿಯ ದಂಡೆಯ ಚಾಮ್, ಅಂದರೆ ಚಾಂಪಾದವರ ಶಿಲ್ಪ ಸಂಗ್ರಹಾಲಯಕ್ಕೆ ಹೋದೆವು. ಫ್ರೆಂಚರು 1919ರಲ್ಲಿ ತೆರೆದ ಈ ಹಳದಿ ಕಟ್ಟಡಕ್ಕೆ ಹೋಗದಿದ್ದರೆ ಡನಾಂಗ್ ನನ್ನ ಮಟ್ಟಿಗೆ ಎತ್ತರದ ಹೋಟೆಲುಗಳ ಒಂದು ಸಾಲಾಗಿಯೇ ಉಳಿಯುತ್ತಿತ್ತು. ಒಳಗೆ ಮರಳುಗಲ್ಲಿನ ಶಿವ, ನಂದಿ, ಗರುಡ, ಟ್ರಾ ಕಿಯು ಎಂಬ ಊರಿನ ನರ್ತಕಿಯರು. ಒಂದು ಕಡೆ ನಾವು ನಾಲ್ವರೂ ಕೈ ಮುಗಿದೆವು. ಅದು ಮಿ ಸೋನ್ ಎಂಬ ಹಳೆಯ ಗುಡಿಗಳ ತಾಣದಿಂದ ತಂದ, ಏಳನೆಯ ಶತಮಾನದ ಗಣಪತಿ, ಕುಳಿತದ್ದಲ್ಲ, ನಿಂತದ್ದು. ಇಡಗುಂಜಿಯಲ್ಲೂ ಗೋಕರ್ಣದಲ್ಲೂ ನಿಂತ ಗಣಪತಿಯನ್ನೇ ಕಂಡು ಬೆಳೆದವರಿಗೆ ಬೇರೆ ಕಡೆಯ ಕುಳಿತ ಗಣಪತಿ ಸ್ವಲ್ಪ ಆಲಸಿಯಂತೆ ಕಾಣುವುದುಂಟು. ಇಡಗುಂಜಿಯವನಿಗೆ ಎರಡು ಕೈ, ಇವನಿಗೆ ನಾಲ್ಕು. ಆದರೆ ಸಿಹಿಯ ಬಟ್ಟಲಿಗೆ ಸೊಂಡಿಲು ಹಾಕಿರುವ ಆತುರದಲ್ಲಿ ವ್ಯತ್ಯಾಸವಿಲ್ಲ.

ಶಾಸನಗಳ ಕಲ್ಲುಗಳ ಮುಂದೆ ನಾನು ಒಬ್ಬನೇ ಹೆಚ್ಚು ಹೊತ್ತು ನಿಂತೆ. ಬನವಾಸಿ ನಮ್ಮ ಮನೆಯಿಂದ ಒಂದು ತಾಸಿನ ದಾರಿ. ಅಲ್ಲಿ ಕದಂಬರ ಮಯೂರಶರ್ಮ ರಾಜ್ಯ ಕಟ್ಟಿದ ನಾಲ್ಕನೆಯ ಶತಮಾನದಲ್ಲೇ ಇಲ್ಲಿ ಭದ್ರವರ್ಮನೆಂಬ ಅರಸ ಮಿ ಸೋನ್‌ನಲ್ಲಿ ಭದ್ರೇಶ್ವರನೆಂದು ತನ್ನ ಹೆಸರನ್ನು ಸೇರಿಸಿ ಶಿವನನ್ನು ಸ್ಥಾಪಿಸಿದ. ಎರಡೂ ಕಡೆಯ ಲಿಪಿಗೆ ದಕ್ಷಿಣದ ಬ್ರಾಹ್ಮಿಯೇ ಮೂಲ. ಎರಡೂ ಕಡೆ ಅರಸರು ಸಂಸ್ಕೃತದಲ್ಲಿ ಬರೆಸುತ್ತಿದ್ದಾಗಲೇ ಊರಿನ ಮಾತು ಮೆಲ್ಲಗೆ ಕಲ್ಲಿಗೆ ಬಂತು. ಟ್ರಾ ಕಿಯುವಿನ ಬಳಿ ಸಿಕ್ಕ, ನಾಲ್ಕನೆಯ ಶತಮಾನದ ಕೊನೆಯದೆನ್ನುವ ಚಾಮ್ ಭಾಷೆಯ ಬರಹ ನಮ್ಮ ಹಲ್ಮಿಡಿ ಶಾಸನಕ್ಕಿಂತ ಹಳೆಯದು. ಇದನ್ನು ಭಾವನಿಗೆ ಹೇಳಿದಾಗ, ಹಾಗಾದರೆ ಮಳೆಯ ಹಾಗೆ ಇದರಲ್ಲೂ ನೀವು ಎರಡನೆಯವರು ಎಂದ.

ಶನಿವಾರವಾದ್ದರಿಂದ ರಾತ್ರಿ ಒಂಬತ್ತಕ್ಕೆ ಡ್ರ್ಯಾಗನ್ ಸೇತುವೆ ಬೆಂಕಿ ಉಗುಳಿತು. 666 ಮೀಟರ್ ಉದ್ದದ ಈ ಸೇತುವೆಯ ಮೇಲೆ ಹಬ್ಬಿರುವ ಉಕ್ಕಿನ ಡ್ರ್ಯಾಗನ್ ವಾರದ ಕೊನೆಯ ರಾತ್ರಿಗಳಲ್ಲಿ ಹೀಗೆ ಬೆಂಕಿಯನ್ನೂ ಆಮೇಲೆ ನೀರನ್ನೂ ಉಗುಳುತ್ತದೆ. ಜನಸಾಗರವೇ ಸೇರಿತ್ತು. ಬೇಡರ ವೇಷದ ಮುಂದೆ ಇದೇನೂ ಅಲ್ಲ ಎಂದು ತಂಗಿ ತೀರ್ಪು ಕೊಟ್ಟಳು.

ಒಂಬತ್ತನೆಯ ದಿನ: ಮಿ ಸೋನ್

ಡನಾಂಗ್‌ನಿಂದ ಸುಮಾರು ಎಪ್ಪತ್ತು ಕಿಲೋಮೀಟರ್. ಗುಡ್ಡಗಳ ಬಟ್ಟಲಿನಲ್ಲಿ ಇಟ್ಟಿಗೆಯ ಗುಡಿಗಳ ಗುಂಪುಗಳು. ಇಟ್ಟಿಗೆಗಳ ನಡುವೆ ಗಾರೆ ಕಾಣದ ಹಾಗೆ ಕಟ್ಟಿದ್ದಾರೆ. 1969ರ ಅಮೆರಿಕದ ಬಾಂಬ್ ದಾಳಿಯಲ್ಲಿ ಅತಿ ದೊಡ್ಡ ಗೋಪುರ ಕುಸಿದುಹೋಯಿತು. ಅದರ ಪಕ್ಕದ ಬಾಂಬಿನ ಗುಂಡಿಯಲ್ಲಿ ಹುಲ್ಲು ಬೆಳೆದಿದೆ. ಭಾರತೀಯ ಪುರಾತತ್ತ್ವ ಇಲಾಖೆಯವರು 2017ರಿಂದ ಕೆಲವು ಗುಡಿಗಳನ್ನು ಎತ್ತಿ ಕಟ್ಟಿದ್ದಾರೆ. ಆ ಕೆಲಸದ ನಡುವೆ 2020ರಲ್ಲಿ ಒಂದೇ ಕಲ್ಲಿನ ದೊಡ್ಡ ಶಿವಲಿಂಗವೊಂದು ನೆಲದಡಿ ಸಿಕ್ಕಿತು. ಅದನ್ನು ನೋಡಿ ಹಿಂದಿರುಗಿದೆವು. ಬಿಸಿಲು ಎಷ್ಟಿತ್ತೆಂದರೆ ಹುಯೆಯ ಜಿನುಗುಮಳೆಯನ್ನು ಬೈದದ್ದಕ್ಕೆ ನಾನು ಮನಸ್ಸಿನಲ್ಲೇ ಕ್ಷಮೆ ಕೇಳಿದೆ.

ಹತ್ತನೆಯ ದಿನ: ಹೊರಡುವುದು

ಕೌಲಾಲಂಪುರಕ್ಕೆ ವಿಮಾನ, ಅಲ್ಲಿಂದ ಬೆಂಗಳೂರು, ಅಲ್ಲಿಂದ ರಾತ್ರಿ ಬಸ್ಸು. ಚೀಲ ಕಟ್ಟುವಾಗ ಹುಯೆಯ ಅಡಿಕೆ ಹೊರಬಂತು. ಹಸಿ ಕಾಯಿಯನ್ನು ವಿಮಾನದಲ್ಲಿ ಒಯ್ದು ಬೇರೆ ದೇಶದ ರೋಗವನ್ನು ತೋಟಕ್ಕೆ ತರುವುದು ಬೇಡವೆಂದು ನಾನು ಹೇಳಿದೆ. ಭಾವನೂ ಬೆಳೆಗಾರನೇ ಆದ್ದರಿಂದ ವಾದ ಮಾಡಲಿಲ್ಲ. ನಾವು ಇಳಿದುಕೊಂಡಿದ್ದ ಮನೆಯ ಅಜ್ಜಿಗೆ ಅದನ್ನು ಕೊಟ್ಟ. ಹಲ್ಲು ಕಪ್ಪಾದ ಆ ಅಜ್ಜಿ ಕಾಯಿಗಳನ್ನು ಮೂಸಿ ನೋಡಿ, ಒಳಗಿನಿಂದ ಎಲೆ, ಸುಣ್ಣ, ಚಿಕ್ಕ ಚೂರಿ ತಂದು, ಮೆಟ್ಟಿಲ ಮೇಲೆ ಕುಳಿತು, ಕಾಯನ್ನು ನಾಲ್ಕಾಗಿ ಸೀಳಿ, ಎಲೆ ಮಡಿಚಿ ಭಾವನ ಕೈಗೆ ಕವಳ ಕೊಟ್ಟಳು. ದಿನಕ್ಕೆ ಹತ್ತು ಕವಳ ಹಾಕುವವನಿಗೆ ಇದೆಷ್ಟರದೆಂದು ಅವನು ಬಾಯಿಗಿಟ್ಟ. ಎರಡು ನಿಮಿಷದಲ್ಲಿ ಅವನ ಹಣೆಯಲ್ಲಿ ಬೆವರು ಕಾಣಿಸಿಕೊಂಡು, ಕಿವಿ ಕೆಂಪಾಗಿ, ಅವನು ಮೆಲ್ಲಗೆ ಅಜ್ಜಿಯ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕುಳಿತ. “ಅಡಿಕೆ ಸೊಕ್ಕಿತು ಭಾವ” ಎಂದಷ್ಟೇ ಹೇಳಿದ. ತಂಗಿ ನೀರು ತರಲು ಒಳಗೆ ಓಡಿದಳು. ಅಜ್ಜಿ ಬಾಯಿ ತೆರೆದು ನಗುತ್ತಾ ಅವನ ಬೆನ್ನು ತಟ್ಟುತ್ತಿದ್ದಳು. ವಿಮಾನ ನಿಲ್ದಾಣಕ್ಕೆ ಒಯ್ಯಬೇಕಿದ್ದ ಟ್ಯಾಕ್ಸಿ ಗೇಟಿನ ಬಳಿ ಹತ್ತು ನಿಮಿಷ ಕಾಯಿತು.